ಕುದಿಸದ ಜಾಡಿ

ಆಕೆಗೆ ನೊರೆಯಕ್ಕ ಎಂಬ ಹೆಸರು ಬಿದ್ದದ್ದು ಅವಳ ಜಾಡಿಗಳಿಂದ. ಎಲೆಕೋಸು, ಕ್ಯಾರೆಟ್ ಹೆಚ್ಚಿ, ಉಪ್ಪು ಬೆರೆಸಿ ಹಿಸುಕಿ, ಅವು ಬಿಟ್ಟ ನೀರಿನಲ್ಲೇ ಮುಳುಗಿಸಿ, ಮೇಲೊಂದು ಕಲ್ಲು ಹೇರಿ ಹುಳಿ ಬರಿಸುತ್ತಿದ್ದಳು. ಬೆಳಗಾದರೆ ಒಂದೊಂದೇ ಮುಚ್ಚಳ ಸಡಿಲಿಸಿ ಗಾಳಿ ಬಿಡುವಳು. ಜಾಡಿ ಉಸ್ಸೆಂದು ನೊರೆಯುಕ್ಕಿಸಿದರೆ, "ಆಯ್ತಾಯ್ತು, ಎದ್ದೆಯಲ್ಲ" ಎನ್ನುವಳು. ಗಂಡ ತೀರಿಕೊಂಡ ಮೇಲೆ ಒಲೆ ಉರಿದದ್ದು ಈ ಜಾಡಿಗಳಿಂದಲೇ. ಅಷ್ಟನ್ನೂ ಕೊಳ್ಳುತ್ತಿದ್ದವನು ಮೂಲೆಯಂಗಡಿಯ ಸಾಹುಕಾರ ಒಬ್ಬನೇ.

ಸಾಹುಕಾರನಿಗೆ ಅಚ್ಚುಕಟ್ಟಿನ ಹುಚ್ಚು. ಸೋರಬಾರದೆಂದು ಮುಚ್ಚಳಗಳ ಸುತ್ತ ಟೇಪು ಬಿಗಿದಿಟ್ಟ. ಸೆಖೆಯ ಒಂದು ಮಧ್ಯಾಹ್ನ ಜಾಡಿಯೊಂದು ಢಬ್ಬೆಂದು ಸಿಡಿದು, ಹುಳಿನೀರು ಗಿರಾಕಿಯೊಬ್ಬರ ಇಸ್ತ್ರಿ ಅಂಗಿಗೆ ಹಾರಿತು.

"ಇನ್ಮೇಲೆ ಕುದಿಸಿ ತಗೊಂಡು ಬಾ ಅಕ್ಕ. ಇಲ್ಲಾಂದ್ರೆ ನನ್ನ ಅಂಗಡೀಲಿ ಜಾಗ ಇಲ್ಲ."

"ಕುದಿಸಿದ್ರೆ ಒಳಗೆ ಹುಳಿ ಬರಿಸೋ ಸಣ್ಣ ಜೀವಗಳು ಸಾಯ್ತವಣ್ಣ."

"ಸತ್ರೆ ಸಾಯ್ಲಿ. ಹೊಟ್ಟೆಗೆ ಹೋದ್ಮೇಲೆ ಹೇಗೂ ಸಾಯೋದೇ ತಾನೆ!"

ಆ ಮಾತು ಮುಳ್ಳಿನಂತೆ ನೆಟ್ಟಿತು. ಕಾಲೇಜಿನ ಲ್ಯಾಬಿನಲ್ಲಿದ್ದ ನಾದಿನಿಯನ್ನು ಕೇಳಿದಳು.

"ಹೊಟ್ಟೇಲಿ ಆಸಿಡ್ ಇರತ್ತೆ, ಮುಂದೆ ಪಿತ್ತರಸ. ಬಹಳಷ್ಟು ಬ್ಯಾಕ್ಟೀರಿಯಾ ಅಲ್ಲೇ ಸಾಯ್ತವೆ ಅತ್ತಿಗೆ. ನಿನ್ನವು ಉಳೀತವಾ ಅಂತ ನೋಡ್ಬೇಕಂದ್ರೆ..." ನಾದಿನಿ ನಗು ತಡೆಯುತ್ತ ಪುಟ್ಟ ಡಬ್ಬಿಯೊಂದನ್ನು ಮುಂದಿಟ್ಟಳು. "ಬೆಳಿಗ್ಗೆ ಕಕ್ಕಸಿಗೆ ಹೋದಾಗ ಇದರಲ್ಲಿ ಹಿಡಿದು ತಂದ್ಕೊಡ್ಬೇಕು."

"ಥೂ! ಅದನ್ನ ಹಿಡ್ಕೊಂಡು ಬಸ್ಸು ಹತ್ಲಾ?"

"ಊಟದ ಡಬ್ಬಿ ಪಕ್ಕ ಮಾತ್ರ ಇಡ್ಬೇಡ."

ನೊರೆಯಕ್ಕ ತಂದಳು. ಕೋಸು ಮುಟ್ಟದೆ ಕೆಲವು ವಾರ ಕಳೆದು ಒಮ್ಮೆ, ದಿನವೂ ತಿನ್ನುವಾಗ ಒಮ್ಮೆ, ಮತ್ತೆ ಬಿಟ್ಟ ಮೇಲೆ ಒಮ್ಮೆ. ಅಷ್ಟರಲ್ಲಿ ವ್ಯಾಪಾರವಿಲ್ಲದೆ ಅಡುಗೆಮನೆಯ ಡಬ್ಬಗಳು ತಳ ಕಂಡಿದ್ದವು. ಕುದಿಯುವ ನೀರಿನ ಪಾತ್ರೆಯ ಪಕ್ಕ ಒಂದು ಜಾಡಿ ತಂದಿಟ್ಟದ್ದೂ ಉಂಟು. ಅದರೊಳಗೆ ಇಳಿಸಲು ಮನಸ್ಸು ಬರಲಿಲ್ಲ.

"ಉಳಿದಿವೆ ಅತ್ತಿಗೆ," ಎಂದಳು ನಾದಿನಿ. "ಮೊದಲು ಇರ್ಲಿಲ್ಲ, ತಿನ್ನೋವಾಗ ಇದ್ವು. ಕೆಲವೇ ಕೆಲವು, ಆದ್ರೆ ಜೀವಂತ. ಬಿಟ್ಮೇಲೆ ಮತ್ತೆ ಇಲ್ಲ. ಒಳಗೆ ಮನೆ ಮಾಡ್ಲಿಲ್ಲ. ಕಾಯಿಲೆ ವಾಸಿ ಮಾಡತ್ತೆ ಅಂತೆಲ್ಲ ಮಾರ್ಬೇಡ."

ಸಾಹುಕಾರ ಕೇಳಿ ನಕ್ಕ. "ಉಳ್ಕೊಳ್ಳೋದೇ ಇಲ್ವಂತೆ! ಇಷ್ಟಕ್ಕೆ ಇಷ್ಟು ಹಾರಾಟನಾ?"

"ನೆಂಟ್ರು ಅಂದ್ರೆ ಬಂದು ಹೋಗೋರೇ ಅಣ್ಣ. ಉಳ್ಕೊಳ್ಳಲ್ಲ ಅಂತ ಬಾಗಿಲಲ್ಲೇ ಬಿಸಿನೀರು ಹುಯ್ತೀರಾ? ನಾನು ಕುದಿಸಲ್ಲ. ನಿಮ್ಮ ಕಪಾಟು ನೀವೇ ಇಟ್ಕೊಳ್ಳಿ."

ಮರುದಿನ ಬೀದಿಯ ಕಡೆಯ ಕಿಟಕಿಗೆ ಹಲಗೆ ಹಾಕಿ ಜಾಡಿಗಳನ್ನು ಸಾಲಾಗಿ ಇಟ್ಟಳು. ಮುಚ್ಚಳ ಸಡಿಲಿಸಿದಾಗ ದಾರಿಯಲ್ಲಿ ಹೋಗುತ್ತಿದ್ದ ಹೊಲಿಗೆಯಾಕೆ ಬೆಚ್ಚಿ ನಿಂತಳು.

"ಇದು ಸಿಡಿಯಲ್ವಾ ಅಕ್ಕಾ?"

"ಬಿಗಿದ್ರೆ ಸಿಡಿಯತ್ತೆ. ದಿನಾ ಮುಚ್ಚಳ ಬಿಚ್ಚು, ದಿನಾ ತಿನ್ನು. ಬಿಟ್ರೆ ಅವೂ ಬಿಟ್ಟು ಹೋಗ್ತವೆ. ಬೇಕಾದ್ರೆ ತಗೋ."

ಹೊಲಿಗೆಯಾಕೆ ಜಾಡಿಗೆ ಕಿವಿಯಿಟ್ಟು ಕೇಳಿದಳು. ಆಮೇಲೆ ಅದನ್ನು ಅಲುಗದಂತೆ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡಳು.