ಕೊರಿಯಾದವನಿಗಾಗಿ ಮಾತು ಬಿಟ್ಟದ್ದು

ನಡೆದದ್ದು ಇಷ್ಟೆ. ಅರವತ್ತೆಂಟು ವರ್ಷದ ನಾನು, ಕೊರಿಯಾ ದೇಶದ ಒಬ್ಬ ಗಂಡಸಿಗಾಗಿ ನನ್ನ ಓರಗಿತ್ತಿಯ ಜೊತೆ ಒಂಬತ್ತು ದಿನ ಮಾತು ಬಿಟ್ಟೆ. ಹಾರನಹಳ್ಳಿಯ ನಮ್ಮ ಬೀದಿಯವರು ಬೇರೆ ಏನೇನೋ ಹೇಳುತ್ತಾರೆ. ಹಿತ್ತಲ ಗೋಡೆಯ ವಿಷಯ ಅಂತಾರೆ, ತೆಂಗಿನ ಮರದ ಪಾಲು ಅಂತಾರೆ. ಹಾಗಿದ್ದಿದ್ದರೆ ಮಾನವಾದರೂ ಉಳಿಯುತ್ತಿತ್ತು.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅರಸೀಕೆರೆಯಲ್ಲಿ ಕಾಲೇಜು ಓದುವ ನನ್ನ ಮೊಮ್ಮಗಳು ಸಂಜೆ ಬಸ್ಸಿಳಿದು ಬಂದು, ಕಾಫಿ ಕುಡಿದು, ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ಕೊರಿಯಾ ಧಾರಾವಾಹಿ ಹಾಕುತ್ತಾಳೆ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ನಮಗೆ ಕನ್ನಡದಲ್ಲಿ ಹೇಳುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಷ್ಟು ಬೇಗ ಓಡಿದರೆ ಕನ್ನಡವೂ ನನ್ನ ಕೈಗೆ ಸಿಗುವುದಿಲ್ಲ. ಓರಗಿತ್ತಿ ತನ್ನ ಚಾಪೆ, ತನ್ನ ಲೋಟ ಹಿಡಿದು ಬರುತ್ತಿದ್ದಳು. ಮೂರು ವರ್ಷ ಹೀಗೇ ನಡೆಯಿತು.

ಮೂರು ವರ್ಷ ನೋಡಿದ ಮೇಲೆ ನನಗೆ ಅಭಿಪ್ರಾಯಗಳು ಬಂದವು. ಬಾರದಿದ್ದರೆ ಚೆನ್ನಾಗಿತ್ತು. ಮೊದಮೊದಲು ನೋಡಿದವು ಹದಿನಾರು ಕಂತು ಇರುತ್ತಿದ್ದವು. ಜನ ಕೂತು ಉಣ್ಣುತ್ತಿದ್ದರು, ನಿಧಾನವಾಗಿ ಜಗಳ ಆಡುತ್ತಿದ್ದರು. ಈಗ ಹನ್ನೆರಡಕ್ಕೇ ಮುಗಿಸುತ್ತಾರೆ. ಎಂಟನೇ ಕಂತಿನವರೆಗೆ ಬರೀ ಉಳುಮೆ, ಉಳಿದ ನಾಲ್ಕರಲ್ಲಿ ಬಿತ್ತನೆಯೂ ಆಗಬೇಕು, ಕೊಯ್ಲೂ ಆಗಬೇಕು. ಯಾರಾದರೂ ಸಂತೋಷದಿಂದ ರಸ್ತೆ ದಾಟಿದರೆ ಲಾರಿ ಬರುತ್ತದೆ. ಮೀನು ಹಿಡಿಯುವವನ ಪಾತ್ರಕ್ಕೂ ಬೆಣ್ಣೆ ಕೆನ್ನೆಯವನನ್ನೇ ಹಾಕುತ್ತಾರೆ. ಒಂದು ದಿನವಾದರೂ ಬಿಸಿಲು ಕಂಡ ಚರ್ಮವಲ್ಲ ಅದು. ದಪ್ಪಗಿದ್ದು ನಗುವವನು ಯಾವತ್ತೂ ಹೀರೋನ ಸ್ನೇಹಿತ. ಅಜ್ಜಿಯರ ಪಾತ್ರಕ್ಕೆ ಇರುವವರು ಮೂರೋ ನಾಲ್ಕೋ ಹೆಂಗಸರು, ಈ ಕಥೆಯಲ್ಲಿ ಸತ್ತು ಆ ಕಥೆಯಲ್ಲಿ ಏಳುತ್ತಾರೆ. ನಟನೆ ಬರುವುದು ಅವರಿಗೇ. ಆದರೂ ಹತ್ತನೇ ಕಂತಿಗೆ ಅವರನ್ನು ಆಸ್ಪತ್ರೆಗೆ ಹಾಕುತ್ತಾರೆ, ಹುಡುಗ ಹುಡುಗಿ ಬಾಗಿಲಲ್ಲಿ ಎದುರಾಗಲಿ ಎಂದು. ಇದನ್ನೆಲ್ಲ ನಾನು ಡೈರಿಯಲ್ಲಿ ಹಾಲು ಹಾಕುವಾಗ ಸಾಲಿನಲ್ಲಿ ನಿಂತು ಹೇಳಿದ್ದೇನೆ. ಯಾರೂ ಕೇಳಿರಲಿಲ್ಲ.

ಜಗಳ ತಂದ ಕಥೆಯಲ್ಲಿ ಗಂಡಸರು ಇಬ್ಬರು. ಒಬ್ಬ ಆಫೀಸಿನ ಯಜಮಾನ, ಚೆಲುವ, ಸದಾ ಗಂಟುಮುಖ. ಇನ್ನೊಬ್ಬ ಸಾಧಾರಣ ಮುಖದವನು; ಆ ಹುಡುಗಿಗೆ ಮಳೆಯಲ್ಲಿ ಛತ್ರಿ ಹಿಡಿದ, ಜ್ವರ ಬಂದಾಗ ಗಂಜಿ ಕಾಯಿಸಿದ. ನಾನು ಛತ್ರಿಯವನ ಪಕ್ಷ, ಓರಗಿತ್ತಿ ಗಂಟುಮುಖದವನ ಪಕ್ಷ. ಕೊನೆಯ ಕಂತಿನಲ್ಲಿ ಹುಡುಗಿ ಗಂಟುಮುಖದವನನ್ನೇ ಕಟ್ಟಿಕೊಂಡಳು.

"ನಾ ಮೊದ್ಲೇ ಹೇಳ್ಳಿಲ್ವಾ ಅಕ್ಕಾ," ಅಂದಳು ಓರಗಿತ್ತಿ, ಗೆದ್ದವಳ ಹಾಗೆ. "ಯಾರ ಮುಖವ ಹತ್ರ ತಂದು ತೋರುಸ್ತಾರೋ ಅವ್ನೇ ಹೀರೋ. ನಿಂಗೆ ಇನ್ನೂ ತಿಳೀಲಿಲ್ಲ."

"ನಾ ಕಥೆ ನೋಡೋಳು ಕಣೇ, ಮುಖ ನೋಡೋಳಲ್ಲ," ಅಂದೆ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ಮುಖ ನೋಡ್ಕೊಂಡೇ ಕುಂತಿರು ನೀನು. ನಿನ್ ಗಂಡ ಇವತ್ತಿನ ಗಂಟ ನಿಂಗೆ ಒಂದು ಲೋಟ ನೀರು ಕೊಟ್ಟವ್ನಾ?"

ನನ್ನ ಮೈದುನ ಪಕ್ಕದ ಜಗಲಿಯಲ್ಲೇ ಕೂತು ತಲೆ ಬಾಚಿಕೊಳ್ಳುತ್ತಿದ್ದ. ಅರವತ್ತೇಳಾದರೂ ಅವನು ಈಗಲೂ ಚೆಲುವ. ಜೇಬಿನಲ್ಲಿ ಬಾಚಣಿಗೆ ಇರುತ್ತದೆ. ಅವನ ಬಾಚಣಿಗೆ ನಿಂತಿತು.

ಓರಗಿತ್ತಿ ಎದ್ದು ಚಾಪೆ ಸುತ್ತಿದಳು. ನಲವತ್ತಾರು ವರ್ಷ ನನಗೆ ನೀನು ಎಂದವಳು, ಅವತ್ತು ಮರ್ಯಾದೆ ಕೊಟ್ಟಳು. "ಆ ಮುಖವ ನೀವೂ ನೋಡಿದ್ರಲ್ಲ. ನಿಮ್ಗೆ ಸಿಗ್ಲಿಲ್ಲ, ಅಷ್ಟೆ."

ಅದು ನಿಜ, ಹೇಳಿಬಿಡುತ್ತೇನೆ. ನನ್ನನ್ನು ನೋಡಲು ಬಂದ ದಿನ ಅಣ್ಣ ತಮ್ಮ ಇಬ್ಬರೂ ಒಂದೇ ಕಂಬಳಿಯ ಮೇಲೆ ಕೂತಿದ್ದರು. ತಲೆ ಎತ್ತಬಾರದು ಎಂದಿದ್ದಳು ಅವ್ವ. ಕಾಫಿ ಕೊಡುವಾಗ ಅರ್ಧ ಎತ್ತಿದೆ, ಚೆಲುವನನ್ನು ಕಂಡೆ, ಇವನೇ ಅಂದುಕೊಂಡೆ. ಪಕ್ಕದಲ್ಲಿ ಕುಳ್ಳಗೆ, ದುಂಡಗೆ, ನಗುತ್ತಾ ಕೂತವನು ಜೊತೆಗೆ ಬಂದವನು ಎಂದು ತೀರ್ಮಾನಿಸಿದೆ. ಮದುವೆಯ ದಿನ ಹಸೆಮಣೆಯ ಮೇಲೆ ಪಕ್ಕಕ್ಕೆ ನೋಡಿದರೆ ಆ ದುಂಡಗಿನವನು. ಯಾವುದೋ ಒಂದು ವರ್ಷ ಓರಗಿತ್ತಿಯ ಜೊತೆ ರಾಗಿ ಕಳೆ ಕೀಳುವಾಗ ನಗುತ್ತಾ ಇದನ್ನು ನಾನೇ ಅವಳಿಗೆ ಹೇಳಿದ್ದೆ. ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅವಳು ಹೋದ ಮೇಲೆ ನನ್ನ ಗಂಡ ಅಡುಗೆಮನೆಯಿಂದ ಕಾಫಿ ತಂದಿಟ್ಟ. ಎಲ್ಲವನ್ನೂ ಕೇಳಿಸಿಕೊಂಡಿದ್ದ. "ನಂಗೆ ಗೊತ್ತಿತ್ತು ಬಿಡೇ," ಅಂದ. "ಹಸೆಮಣೆ ಮೇಲೆ ನಿನ್ ಮುಖ ಹೆಂಗಾಯ್ತು ಅಂತ ಹತ್ರದಿಂದ ನೋಡಿದೋನು ನಾನೊಬ್ನೇ ಅಲ್ವಾ." ಹೇಳಿ ಹಸುವಿಗೆ ಹುಲ್ಲು ಹಾಕಲು ಹೋದ. ನಾನು ಕಾಫಿ ಕುಡಿದೆ. ಸಕ್ಕರೆ ಸರಿಯಾಗಿತ್ತು, ಅದೂ ಸಿಟ್ಟು ತರಿಸಿತು.

ಒಂಬತ್ತು ದಿನ ಗೋಡೆಯ ಆಚೆ ಅವಳು, ಈಚೆ ನಾನು. ಮೊಮ್ಮಗಳು ಹೊಸ ಕಥೆ ಹಾಕಿದಳು. ನಾನು ಹೇಳಿದ್ದಕ್ಕೆ ಅಲ್ಲ ಎನ್ನುವವರು ಯಾರೂ ಇಲ್ಲದೆ ಎರಡು ಕಂತಿಗೇ ಸಾಕಾಯಿತು.

ಹತ್ತನೇ ದಿನ ಗೌರಿ ಹಬ್ಬ. ಅವಳು ಈ ಮನೆತನಕ್ಕೆ ಬಂದ ವರ್ಷದಿಂದ ನನ್ನ ಮೊದಲ ಮೊರದ ಬಾಗಿನ ಅವಳಿಗೇ. ನಮ್ಮಲ್ಲಿ ಬಾಗಿನ ಒಂದು ವರ್ಷ ತಪ್ಪಿದರೆ ಮತ್ತೆ ಶುರು ಮಾಡುವಂತಿಲ್ಲ. ಎರಡು ಮನೆ ಬೇರೆಯಾದಂತೆ. ಆಮೇಲೆ ಸಾವಿಗೆ ಮಾತ್ರ ಹೋಗಿ ಬರುವುದು. ಹಬ್ಬದ ಹಿಂದಿನ ಸಂಜೆ ಐದು ಜೊತೆ ಮೊರಕ್ಕೆ ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ಬಳೆ ಇಟ್ಟು ಕೂತಿದ್ದೆ.

"ಮೊದಲನೇದು ಈ ಸಲ ಬೇರೆ ಯಾರಿಗಾದ್ರೂ ಕೊಟ್ರಾಯ್ತು," ಅಂದೆ. "ನಾನು ಹೇಳಿದ್ದರಲ್ಲಿ ಏನು ತಪ್ಪೈತೆ? ಗುಣ ನೋಡ್ಬೇಕು, ಮುಖವಲ್ಲ."

ಮೊಮ್ಮಗಳು ಫೋನಿನಿಂದ ತಲೆ ಎತ್ತಲಿಲ್ಲ. "ಸುಮ್ನಿರಜ್ಜಿ. ಛತ್ರಿಯವನು ಬಂದಾಗೆಲ್ಲ ನೀನು ಬೆಳ್ಳುಳ್ಳಿ ಸುಲೀತಾ ಇರ್ತಿದ್ದೆ. ಆ ಗಂಟುಮುಖದವನು ಬಂದ ತಕ್ಷಣ ಕನ್ನಡಕ ಹಾಕ್ಕೋತಿದ್ದೆ."

"ಯಾವಾಗ ಕಣೇ?"

"ಯಾವಾಗ್ಲೂ. ಯಾವ ಕಥೆ ಹಾಕಿದ್ರೂ ಚೆಲುವ ಬಂದಾಗ ಹಿಂಗೇ. ಚಿಕ್ಕಜ್ಜಿ ನಂಗೆ ತೋರಿಸಿ ನಗ್ತಿದ್ರು. ಎಲ್ಲರೆದುರಿಗೆ ನಿಂಗೆ ಒಂದ್ಸಲನಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಮೂರು ವರ್ಷ ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ನಾನು ಅವಳ ಗಂಡನನ್ನು ಅವಳ ಮುಂದೆಯೇ, ಅವನ ಕಿವಿಗೇ ಬೀಳುವಂತೆ ಬೈದಿದ್ದೆ. ಮೊರ ಮುಚ್ಚಿ ಮಲಗಿದೆ.

ಬೆಳಗ್ಗೆ ಎದ್ದು ಸ್ನಾನ ಮಾಡಿ, ಗೌರಿಗೆ ಪೂಜೆ ಮಾಡಿ, ಮೊದಲ ಮೊರ ಎತ್ತಿಕೊಂಡೆ. ಕನ್ನಡಕ ಹಾಕಿಕೊಂಡೇ ಹೊರಟೆ, ಇನ್ನು ಮುಚ್ಚಿಡುವುದೇನಿದೆ. ಮೈದುನ ಜಗಲಿಯಲ್ಲಿದ್ದ. ಹತ್ತಿರದಿಂದ ಸರಿಯಾಗಿ ನೋಡಿದೆ. ಕಿವಿಯೊಳಗೆ ಕೂದಲು ಬೆಳೆದಿತ್ತು. "ಅವತ್ತು ಅಂದಿದ್ದು ನನ್ ತಪ್ಪು ಕಣಪ್ಪ," ಅಂದೆ. ಅವನು ಬಾಚಣಿಗೆ ಜೇಬಿಗಿಟ್ಟು, "ಒಳಗವ್ಳೆ, ಹೋಗಿ ಅತ್ತಿಗೆ," ಅಂದ.

ಓರಗಿತ್ತಿ ಒಲೆಯ ಮುಂದೆ ನಿಂತಿದ್ದಳು. ನನ್ನ ಮೂಗಿನ ಮೇಲಿನ ಕನ್ನಡಕ ನೋಡಿದಳು, ಸೆರಗು ಒಡ್ಡಿದಳು. ನಾನು ಸೆರಗು ಮುಚ್ಚಿ ಬಾಗಿನ ಕೊಟ್ಟು, "ಹೊಸದು ಶುರುವಾಗೈತೆ, ಇಬ್ಬರವ್ರೆ. ಇಬ್ಬರಲ್ಲಿ ಹೀರೋ ಯಾರು ಅಂತ ನಂಗೆ ತಿಳೀತಿಲ್ಲ. ಸಂಜೆ ಚಾಪೆ ತಕ್ಕೊಂಡು ಬಾ," ಅಂದೆ.