ಯಾರೂ ಆಡದ ಆಟದ ಅಂಕ

ಬರೆದು ರೂಢಿಯಿಲ್ಲದವನು ನಾನು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ಆದ್ದರಿಂದಲೇ ಎಲ್ಲಿ ಭಾಷೆ ತಪ್ಪೀತೋ ಎಂಬ ಅಂಜಿಕೆ ಪ್ರತಿ ವಾಕ್ಯದಲ್ಲಿಯೂ ಕಾಡುತ್ತದೆ. ನಿರೂಪಣೆಯ ದೋಷಗಳನ್ನು ಓದುಗರು ಮನ್ನಿಸಬೇಕು. ಕೃತ್ಯವನ್ನು ಮನ್ನಿಸಿ ಎಂದು ಕೇಳುವ ಹಕ್ಕು ಮಾತ್ರ ನನಗಿಲ್ಲ. ಆ ಪದವಿ ನನ್ನದಲ್ಲ — ಅದು ನನ್ನ ಅಕ್ಕನಿಗೆ ಸಲ್ಲಬೇಕಾಗಿತ್ತು. ಅಂಗೈಯಲ್ಲಿ ಹಿಡಿದು ಆಡುವ ಆಟದ ಯಂತ್ರವೊಂದರ ಮೆಮೊರಿಯಲ್ಲಿ ಸುಳ್ಳು ಅಂಕ ಬರೆದು, ಅದನ್ನು ನಾನು ಅವಳಿಂದ ಕಸಿದುಕೊಂಡೆ.

ಸವಣೂರಿನ ಹತ್ತಿರದ ಊರು ನಮ್ಮದು. ಅಪ್ಪನಿಗೆ ಒಂದು ಚಿಕ್ಕ ವೀಳ್ಯದೆಲೆಯ ತೋಟ. ಅಕ್ಕ ನನಗಿಂತ ಒಂದು ವರ್ಷ ದೊಡ್ಡವಳು. ಟೈಫಾಯ್ಡ್ ಬಂದು ಒಂದು ವರ್ಷ ಹಿಂದುಳಿದು ನನ್ನ ತರಗತಿಗೇ ಬಂದಿದ್ದಳು. ಪಿಯುಸಿಯನ್ನು ಇಬ್ಬರೂ ಒಟ್ಟಿಗೆ ಪಾಸಾದೆವು. ಅಂಕಗಳೂ ಹೆಚ್ಚುಕಡಿಮೆ ಸಮ. ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಮೊಣಕಾಲು ನೋವಿನಿಂದ ಅವ್ವ ತೋಟಕ್ಕೆ ಹೋಗುವುದನ್ನು ಬಿಟ್ಟಿದ್ದಳು. ಎಲೆ ಕೊಯ್ಯಲು ಮನೆಯಲ್ಲಿ ಒಬ್ಬರು ಉಳಿಯಲೇಬೇಕಿತ್ತು.

“ಒಬ್ಬರು ಧಾರವಾಡಕ್ಕ ಹೋಗ್ರಿ, ಒಬ್ಬರು ತ್ವಾಟ ನೋಡ್ಕೋರಿ” ಎಂದರು ಅಪ್ಪ. “ಯಾರು ಅಂತ ನನ್ನ ಬಾಯಿಲೆ ಹೇಳಿಸಬ್ಯಾಡ್ರಿ. ರವಿವಾರ ನಾ ಸಂತಿಯಿಂದ ಬರೂದ್ರಾಗ ನೀವ ಮಾತಾಡ್ಕೊಂಡು ಹೇಳ್ರಿ.”

ನಾವು ಮಾತಾಡಿಕೊಳ್ಳಲಿಲ್ಲ. ಮಾತಾಡುವುದು ಹೇಗೆ — ನಾನು ಹೋಗುತ್ತೇನೆ ಎಂದರೆ ನೀನು ಇಲ್ಲೇ ಇರು ಎಂದಂತೆ. ಕೊನೆಗೆ ಅಕ್ಕನೇ ನಗುತ್ತ ಹೇಳಿದಳು: “ಆಟದಾಗ ತೀರಿಸಿಬಿಡೂಣು ಬಾರಲೇ. ರವಿವಾರ ಸಂಜಿಕ ಯಾರ ಹೆಸರು ಮ್ಯಾಲ ಇರ್ತೈತಿ ಅವರು ಹೋಗೂದು. ಸೋತವರು ಅಳಬಾರದು.”

ಆ ಯಂತ್ರವನ್ನು ಹುಬ್ಬಳ್ಳಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಹಳೆಯದೆಂದು ನಮಗೆ ಕೊಟ್ಟಿದ್ದ. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸುವ ಆಟ. ಅಂಕ ಏರಿದಂತೆ ಬೀಳುವ ವೇಗವೂ ಏರುತ್ತದೆ. ಅಕ್ಕನ ಬೆರಳುಗಳಿಗೆ ನಾನು ಎಂದೂ ಸಮನಾಗಿರಲಿಲ್ಲ. ಶನಿವಾರವೇ ಪರದೆಯ ಅಂಕಪಟ್ಟಿಯ ಮೊದಲ ಸಾಲಿನಲ್ಲಿ ಅವಳ ಹೆಸರಿತ್ತು. ಆ ಸಾಲನ್ನು ನೋಡಿದಾಗಲೆಲ್ಲ ನನಗೆ ತೋಟವೇ ಕಾಣುತ್ತಿತ್ತು — ಬಳ್ಳಿಗಳ ನಡುವಿನ ಆ ಇಕ್ಕಟ್ಟಾದ ಸಾಲುಗಳು, ಅಲ್ಲಿ ಬಗ್ಗಿ ನಡೆಯುತ್ತಲೇ ಮುದುಕನಾಗುವ ನಾನು.

ಯಂತ್ರದ ಮೆಮೊರಿ ಕಾರ್ಡಿನಲ್ಲಿ ಮಾವ ಇನ್ನೊಂದನ್ನೂ ಹಾಕಿಕೊಟ್ಟಿದ್ದ. ಅದು ಯಾರೋ ಹವ್ಯಾಸಿಗಳು ತಾವೇ ಕುಳಿತು ಬರೆದ ಚಿಕ್ಕ ಪ್ರೋಗ್ರಾಂ. ಆಟವನ್ನು ನಡುವೆ ನಿಲ್ಲಿಸಿ ಅದನ್ನು ತೆರೆಯಬೇಕು. ಪರದೆಯ ಮೇಲಿನ ಅಂಕವನ್ನು ಮೆಮೊರಿಯಲ್ಲಿ ಹುಡುಕಬೇಕು. ಅದೇ ಸಂಖ್ಯೆ ಹಲವು ಕಡೆ ಸಿಗುತ್ತದೆ. ಇನ್ನಷ್ಟು ಆಡಿ, ಬದಲಾದ ಅಂಕವನ್ನು ಮತ್ತೆ ಹುಡುಕಿದರೆ ಜಾಗಗಳು ಕಡಿಮೆಯಾಗುತ್ತ ಕೊನೆಗೆ ಒಂದೇ ಉಳಿಯುತ್ತದೆ. ಅಲ್ಲಿ ಏನು ಬರೆದರೂ ಆಟ ನಂಬುತ್ತದೆ. ಅಕ್ಕನಿಗೆ ಇದು ತಿಳಿದಿರಲಿಲ್ಲ.

ರವಿವಾರ ಮಧ್ಯಾಹ್ನ ಅವಳು ತೋಟಕ್ಕೆ ಹೋದಾಗ ನಾನು ಆ ಕೆಲಸ ಮಾಡಿದೆ. ಅವಳ ಅಂಕಕ್ಕಿಂತ ತುಸು ಹೆಚ್ಚು ಬರೆದಿದ್ದರೆ ಸಾಕಿತ್ತು — ಆದರೆ ಸಂಜೆಯೊಳಗೆ ಅವಳು ಅದನ್ನೂ ಮೀರಿಬಿಟ್ಟರೆ? ಬಹಳ ಮೇಲಿನ ಅಂಕ ಬರೆದೆ. ಬರೀ ಸೊನ್ನೆಗಳಲ್ಲಿ ಮುಗಿಯುವ ಸಂಖ್ಯೆಯಾದರೆ ಅನುಮಾನ ಬಂದೀತೆಂದು ಕೊನೆಯಲ್ಲಿ ಒಂದಿಷ್ಟು ಚಿಲ್ಲರೆಯನ್ನೂ ಸೇರಿಸಿದೆ. ಆಮೇಲೆ ಇಟ್ಟಿಗೆಗಳು ಸುಮ್ಮನೆ ಬಿದ್ದು ಆಟ ಮುಗಿಯಲು ಬಿಟ್ಟೆ.

ಅಕ್ಕ ಬಂದು ನೋಡಿದಳು. “ಇದನ್ನ ನೀನ ಆಡಿದಿಯೇನಲೇ?”

“ಹೂಂ.”

ಆ ಒಂದೇ ಅಕ್ಷರ.

ಅವಳು ಕೈಕಾಲು ಸಹ ತೊಳೆಯದೆ ಆಡಲು ಕುಳಿತಳು. ಸೋತಳು, ಮತ್ತೆ ಆಡಿದಳು. ಅಪ್ಪನ ಸೈಕಲ್ಲು ಅಂಗಳಕ್ಕೆ ಬಂದಾಗ ಯಂತ್ರವನ್ನು ಕೆಳಗಿಟ್ಟು ಎದ್ದು, “ಅಪ್ಪಾ, ತಮ್ಮ ಹೋಗ್ಲಿ” ಎಂದಳು. ಆಟದ ವಿಷಯ ಎತ್ತಲೇ ಇಲ್ಲ. ಅಳಲೂ ಇಲ್ಲ.

ನನ್ನ ಪಾಪ ಅಲ್ಲಿಗೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಹಾಸ್ಟೆಲಿಗೆ ಅವಳು ಫೋನು ಮಾಡಿದಾಗಲೆಲ್ಲ, “ನಿನ್ನ ಅಂಕ ಇನ್ನೂ ಮುಟ್ಟಾಕ ಆಗವಲ್ದಲೋ” ಎನ್ನುತ್ತಿದ್ದಳು. ತೋಟದಿಂದ ಬಂದವಳೇ ಆಡಲು ಕೂರುತ್ತಿದ್ದಳಂತೆ. ಯಾರೂ ಆಡದ ಆಟವನ್ನು ಸೋಲಿಸಲು ನನ್ನ ಅಕ್ಕ ವರ್ಷಗಟ್ಟಲೆ ಹೆಣಗಿದಳು. ಬಿಟ್ಟುಬಿಡು ಎಂದು ನಾನು ಹೇಳಬಹುದಿತ್ತು. ಹೇಳಿದರೆ ಏಕೆ ಎಂದು ಕೇಳಿಯಾಳೆಂಬ ಭಯ. ಪದವಿ ಬಂತು, ನೌಕರಿ ಬಂತು. ಹೊಗಳಿದವರ ಎದುರಿನಿಂದ ಎದ್ದು ಹೋಗಲೂ ಆಗದೆ, ಕುಳಿತಿರಲೂ ಆಗದೆ ದಿನಗಳನ್ನು ತಳ್ಳಿದೆ.

ಅಕ್ಕನನ್ನು ತಿಳವಳ್ಳಿಗೆ ಕೊಟ್ಟರು. ಯಂತ್ರವೂ ಅವಳ ಜೊತೆಗೇ ಹೋಯಿತು. ಕಳೆದ ದೀಪಾವಳಿಗೆ ಹೋದಾಗ ಭಾವ ಅದನ್ನು ಚಾರ್ಜ್ ಮಾಡಿ ತಂದು ನನ್ನ ಕೈಗಿಟ್ಟರು.

“ಏನ್ರೀ ಸಾಹೇಬ್ರ, ದಿನಾ ಬೆಳಗಾದ್ರ ನಮ್ಮ ಮನ್ಯಾಗ ನಿಮ್ಮದ ಪುರಾಣ. ನಮ್ಮ ತಮ್ಮನ ತಲಿ ಹಂಗ, ನಮ್ಮ ತಮ್ಮನ ಕೈ ಹಿಂಗ. ಒಂದ್ ಸಲ ಆಡಿ ತೋರಿಸ್ರಿ, ನಾವೂ ನೋಡಿ ಪುನೀತ ಆಗ್ತೇವಿ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಹೆಮ್ಮೆಯಿಂದ ಅಕ್ಕ ನಕ್ಕಳು. ನಾನು ಯಂತ್ರವನ್ನು ಹಿಡಿದು ಕುಳಿತೆ. ತಲೆನೋವೆಂದು ಹೇಳಿ ಕೆಳಗಿಟ್ಟೆ.

ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಕುಳಿತಾಗ ಹೋಗಿ ಎಲ್ಲವನ್ನೂ ಹೇಳಿದೆ. ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು, ಅವಳು ತಿರುವಲಿಲ್ಲ.

“ಸೋತಿದ್ದಕ್ಕ ನನಗ ಬ್ಯಾಸರ ಇರಲಿಲ್ಲಪಾ” ಎಂದಳು. “ನೀ ಶಾಣ್ಯಾ, ನಾ ದಡ್ಡಿ, ಅದಕ್ಕ ಹಿಂಗಾತು ಅಂತ ತಿಳ್ಕೊಂಡಿದ್ದೆ. ಇಷ್ಟು ವರ್ಷ ಅದನ್ನ ನಂಬಿ ಬದುಕೀನಲ್ಲೋ...” ಕರಕಲು ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, “ಅಪ್ಪಗ ನೀನ ಹೇಳು. ನಾ ಹೇಳಂಗಿಲ್ಲ” ಎಂದಳು.

ಮರುದಿನವೇ ಊರಿಗೆ ಹೋಗಿ ಹೇಳಿದೆ. ಅಪ್ಪ ನನ್ನನ್ನು ಬೈಯಲಿಲ್ಲ. “ನಾ ಬಾಯಿ ಬಿಟ್ಟು ಹೇಳಬೇಕಿತ್ತು. ಅಂಜಿ ನಿಮ್ಮ ಮ್ಯಾಲ ಹಾಕಿದ್ನಿ” ಎಂದಷ್ಟೇ ನುಡಿದು ತೋಟದ ಕಡೆಗೆ ನಡೆದರು. ನನ್ನ ತಪ್ಪಿನಲ್ಲಿ ಅವರೂ ಒಂದು ಪಾಲು ಹೊತ್ತುಕೊಂಡದ್ದು ಬೈಗುಳಕ್ಕಿಂತ ಭಾರವಾಯಿತು.

ಆಮೇಲೆ ಮನೆಯಲ್ಲಿ ಬದಲಾದದ್ದನ್ನು ಇದ್ದ ಹಾಗೆಯೇ ಹೇಳುತ್ತೇನೆ. ಗೋಡೆಯ ಮೇಲಿನ ನನ್ನ ಘಟಿಕೋತ್ಸವದ ಫೋಟೊವನ್ನು ಅಪ್ಪ ತೆಗೆದಿಲ್ಲ. ಬಂದವರಿಗೆ ತೋರಿಸುವುದನ್ನು ಬಿಟ್ಟಿದ್ದಾರೆ. ಅಕ್ಕ ಮನೆಯಲ್ಲಿದ್ದುಕೊಂಡೇ ಓದುವ ಪದವಿಗೆ ಹೆಸರು ಹಚ್ಚಿದ್ದಾಳೆ. ನನ್ನ ಹಳೆಯ ಪುಸ್ತಕಗಳನ್ನು ತರಲೇ ಎಂದು ಕೇಳಿದ್ದಕ್ಕೆ ಬೇಡವೆಂದಳು. ನಾಗರಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆತರಲು ಅಣ್ಣತಮ್ಮಂದಿರೇ ಹೋಗುವುದು ನಮ್ಮ ಕಡೆಯ ರೂಢಿ. ಈ ವರ್ಷ ತಿಳವಳ್ಳಿಗೆ ಅಪ್ಪ ಹೋದರು.