ದೊಡ್ಡಮ್ಮ ಒಪ್ಪದ ಮಗಿನ ಚೀಲಗಳು

ನಮ್ಮ ಮಾವನ ಅಕ್ಕ ಪುಟ್ಟತಾಯಮ್ಮನವರ ಎಡ ಹೆಗಲು ಬಲ ಹೆಗಲಿಗಿಂತ ನಾಲ್ಕು ಬೆರಳಷ್ಟು ಕೆಳಗಿತ್ತು. ರವಿಕೆ ಹೊಲಿಯುವ ದುದ್ದದ ಟೈಲರು ತನ್ನ ಅಳತೆಯೇ ತಪ್ಪಿತೆಂದು ಎರಡೆರಡು ಸಲ ಟೇಪು ಹಿಡಿಯುತ್ತಿದ್ದ. "ನಿನ್ ಟೇಪು ಸರ್ಯಾಗೇ ಅದೆ ಕಣಪ್ಪ, ಸೊಟ್ಟ ಆಗಿರೋಳು ನಾನು" ಎಂದು ಇವರೇ ಅವನಿಗೆ ಸಮಾಧಾನ ಹೇಳುತ್ತಿದ್ದರು. ಆ ಹೆಗಲ ಮೇಲೆ ಹಳೆಯ ಸೀರೆಯ ಗಂಟು ಬಿಗಿದು, ಬೆನ್ನಿಗೆ ಮಗು ಕಟ್ಟಿಕೊಂಡು ಅವರು ವರ್ಷಗಟ್ಟಲೆ ಮನೆಗೆಲಸ ಮಾಡಿದ್ದರು. ಒಂದೂ ಅವರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ನನ್ನ ಗಂಡ, ಮೈದುನ, ದಾಯಾದಿಗಳ ಮಕ್ಕಳು ಎಲ್ಲ ಸೇರಿ ಏಳು ಕೂಸುಗಳು ಆ ಬೆನ್ನ ಮೇಲೆ ಉಚ್ಚೆ ಹೊಯ್ದು ಬೆಳೆದಿದ್ದವು.

ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ರಾಮನಾಥಪುರದ ಹತ್ತಿರ ಕೊಟ್ಟಿದ್ದರಂತೆ. ಮೂರೇ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದರು. ಬೆನ್ನಿಗೆ ಕಟ್ಟುವ ವಿದ್ಯೆ ಅಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬರುತ್ತಿದ್ದ ಕೂಲಿ ಹೆಂಗಸರಿಂದ ಕಲಿತದ್ದು. ನಮ್ಮ ಕಡೆಯವರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವವರು, ಅವರಿಗೆ ಆ ಗಂಟು ಗೊತ್ತಿಲ್ಲ. "ಗಂಡನ್ ಮನೇಲಿ ನಂಗೆ ಸಿಕ್ಕಿದ್ ಆಸ್ತಿ ಅಂದ್ರೆ ಅದೊಂದ್ ಗಂಟು" ಎಂದು ನಗುತ್ತಿದ್ದರು. ಆ ನಗು ನನಗೆ ಎಂದೂ ಇಷ್ಟವಾಗಲಿಲ್ಲ.

ಹೊಳೆನರಸೀಪುರದ ತವರಿನಲ್ಲಿ ಬಾಣಂತನ ಮುಗಿಸಿ, ಐದು ತಿಂಗಳ ಮಗಳನ್ನು ಎತ್ತಿಕೊಂಡು ನಾನು ಈ ಮನೆಗೆ ಮರಳಿದಾಗ ಕೊಟ್ಟಿಗೆಯಲ್ಲಿ ನಾಲ್ಕು ಹಸು ಇದ್ದವು. ಆಪರೇಷನ್ ಆದ ಹೊಟ್ಟೆ ಇನ್ನೂ ಎಳೆಯುತ್ತಿತ್ತು. ಅತ್ತೆಗೆ ಮಂಡಿನೋವು, ದೊಡ್ಡಮ್ಮನಿಗೆ ಹೆಗಲು ಮೇಲೇಳದು. ಇನ್ನು ಉಳಿದವರು ಮಾವ, ನನ್ನ ಗಂಡ, ಮೈದುನ. ಹಾಲು ಡೈರಿಗೆ ಹಾಕಿ ಬಂದರೆ ಮೂವರೂ ಜಗಲಿಯ ಮೇಲೆ.

ಈ ಮನೆಯಲ್ಲೊಂದು ಪದ್ಧತಿ. ಹಿರಿಯರ ಎದುರಿಗೆ ಅಪ್ಪನಾದವನು ತನ್ನ ಮಗುವನ್ನು ಎತ್ತಿಕೊಳ್ಳಬಾರದು. ಎತ್ತಿಕೊಂಡರೆ ನಾಚಿಕೆಗೆಟ್ಟವನು, ಹೆಂಡತಿ ಹೇಳಿದಂತೆ ಕುಣಿಯುವವನು. ತಾತ ಎತ್ತಿಕೊಳ್ಳಬಹುದು, ಆದರೆ ಮಗು ನಗುತ್ತಿರಬೇಕು, ಒದ್ದೆಯಾಗಿರಬಾರದು. ನನ್ನ ಗಂಡ ಕೋಣೆಯೊಳಗೆ ಮಗಳನ್ನು ಮುದ್ದಿಸಿ ಮುದ್ದಿಸಿ, ಹೊಸ್ತಿಲು ದಾಟುವಾಗ ಪಕ್ಕದ ಮನೆಯ ಕೂಸನ್ನು ಒಪ್ಪಿಸುವಂತೆ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ನಾನು ಒಂದೇ ಒಂದು ಕೇಳುತ್ತಿದ್ದೆ: ಮುದ್ದೆ ತೊಳಸುವಷ್ಟು ಹೊತ್ತು ಇವಳನ್ನು ಹಿಡಿದುಕೊಳ್ಳಿ. ಅದಕ್ಕೆ ಅವರು ಕಂಡುಕೊಂಡ ದಾರಿ ಬೇಬಿ ಕ್ಯಾರಿಯರ್.

ಮೊದಲನೆಯದನ್ನು ಹಾಸನದ ಅಂಗಡಿಯಿಂದ ತಂದರು. ಎದೆಗೆ ಕಟ್ಟುವಂಥದ್ದು, ನಾಲ್ಕು ಪ್ಲಾಸ್ಟಿಕ್ ಕ್ಲಿಪ್ಪು. ಮನೆಮಂದಿಯೆಲ್ಲ ಹೊಸ ಟ್ರಾಕ್ಟರ್ ಬಂದಂತೆ ಸುತ್ತ ನಿಂತು ನೋಡಿದರು. ದೊಡ್ಡಮ್ಮ ಮಾತ್ರ ಒಳಗೆ ಹೋಗಿ, ಸಣ್ಣ ಚೀಲಕ್ಕೆ ಮಗುವಿನ ತೂಕದಷ್ಟು ರಾಗಿ ತುಂಬಿ ಬಾಯಿ ಕಟ್ಟಿ ತಂದರು.

"ಮಗಿನ್ನ ಆಮ್ಯಾಕೆ ಆಕು. ಮೊದ್ಲು ಇದ ಆಕ್ಕಂಡು ಕೊಟ್ಗೆ ಬಾಚು."

ಬಾಚಿದೆ. ಎರಡನೇ ಸಲ ಬಗ್ಗುವಷ್ಟರಲ್ಲಿ ರಾಗಿ ಚೀಲ ಪಕ್ಕಕ್ಕೆ ಜಾರಿ ಗಂಜಲದೊಳಗೆ ಬಿತ್ತು. ದೊಡ್ಡಮ್ಮ ಅದನ್ನು ಎತ್ತಿ, ತಲೆ ನೇವರಿಸುವಂತೆ ಒರೆಸಿ, "ಅಯ್ಯೋ ನನ್ ಕಂದ" ಎಂದರು. ಮೈದುನ ಬಿದ್ದು ಬಿದ್ದು ನಕ್ಕ. "ಇನ್ನು ಒಲೆ ಮುಂದೆ ಯಂಗೆ? ಎದೆ ಮ್ಯಾಲೆ ಮಗ, ಅದರ್ ಮುಂದೆ ಬೆಂಕಿ. ಇದ ಮಾಡ್ದೋನು ಒಲೆ ಕಂಡವ್ನಾ?" ಎಂದು ದೊಡ್ಡಮ್ಮ ಆ ಹಾಸನದ ಚೀಲವನ್ನು ಪಕ್ಕಕ್ಕೆ ಎಸೆದರು.

ಎರಡನೆಯದು ಫೋನಿನಲ್ಲಿ ಆರ್ಡರ್ ಮಾಡಿದ್ದು, ಸೊಂಟಕ್ಕೊಂದು ಸೀಟು. "ಒಂದ್ ಕೈ ಮಗಿನ್ ಬೆನ್ಗೆ ಬೇಕೇ ಬೇಕು. ಇನ್ನೊಂದ್ರಲ್ಲಿ ಆಲು ಕರ್ದೀಯಾ?" ಎಂದರು ದೊಡ್ಡಮ್ಮ. ಅದೂ ಹೋಯಿತು. ಮೂರನೆಯದು ಚನ್ನರಾಯಪಟ್ಟಣದಿಂದ ಬಂದದ್ದು, ಉಂಗುರದೊಳಗೆ ತೂರಿಸಿ ಹೆಗಲಿಗೆ ಹಾಕಿಕೊಳ್ಳುವ ಬಟ್ಟೆ; ಅದನ್ನು ಕೈಯಲ್ಲಿ ಹಿಸುಕಿ, ಮೂಸಿ, ಮಗು ಸೆಕೆಗೆ ಬೆಂದುಹೋಗುತ್ತದೆ ಎಂದು ನಿರಾಕರಿಸಿದರು. ನನಗೆ ಸಿಟ್ಟು ಬರುತ್ತಿತ್ತು. ಎಲ್ಲದಕ್ಕೂ ಕೊಂಕು ತೆಗೆಯುವ ಮುದುಕಿಗೆ ತನ್ನ ಗಂಟನ್ನಾದರೂ ಹೇಳಿಕೊಡಲು ಏನು ರೋಗ? ಕೇಳಿದರೆ, "ಮರ್ತೋಯ್ತು ಕಣವ್ವ, ವಯಸ್ಸಾಗ್ಲಿಲ್ವಾ" ಎನ್ನುತ್ತಿದ್ದರು.

ಮಗಳಿಗೆ ಆರು ತಿಂಗಳಾದಾಗ ರಾಗಿ ಕೊಯ್ಲಿಗೆ ಆಳುಗಳು ಬಂದರು. ಹದಿನೈದು ಜನಕ್ಕೆ ಮುದ್ದೆ. ದೊಡ್ಡಮ್ಮ ಬುತ್ತಿ ತೆಗೆದುಕೊಂಡು ಹೋಗುವ ಕುಕ್ಕೆ ಹುಡುಕಲು ಹಿತ್ತಲಿಗೆ ಹೋಗಿದ್ದರು. ತೊಟ್ಟಿಲಲ್ಲಿ ಮಗಳು ನೀಲಿಗಟ್ಟುವಂತೆ ಅಳುತ್ತಿದ್ದಳು, ಜಗಲಿಯಿಂದ "ಮಗಾ ಅಳ್ತಾ ಅದೆ" ಎಂದು ಯಾರೋ ನನಗೇ ಕೂಗಿ ಹೇಳಿದರು. ನಾನು ಆ ಹಾಸನದ ಚೀಲವನ್ನೇ ಎದೆಗೆ ಕಟ್ಟಿ, ಅವಳನ್ನು ಅದರೊಳಗೆ ಇಳಿಸಿ, ಕೋಲು ಹಿಡಿದು ತೊಳಸಲು ನಿಂತೆ. ಕೊತಕೊತ ಕುದಿಯುವ ಹಿಟ್ಟು ಚಟ್ಟನೆ ಸಿಡಿದು ಮಗಳ ಪಾದಕ್ಕೆ ಅಂಟಿತು. ಆ ಕೂಗನ್ನು ನಾನು ಬರೆಯಲಾರೆ.

ಎಲ್ಲರೂ ಓಡಿಬಂದರು. ಪಾದದ ಮೇಲೆ ರೂಪಾಯಿ ಅಗಲದ ಬೊಬ್ಬೆ ಎದ್ದಿತ್ತು. ನಾನು ನೀರು ಸುರಿಯುತ್ತಿದ್ದೆ, ಮಾವ ಮಗನ ಕಡೆ ತಿರುಗಿ, "ಒಳ್ಳೆ ಕಂಪ್ನೀದ್ ತರ್ಬೇಕಿತ್ತು ಕಣ್ಲಾ" ಎಂದರು.

ದೊಡ್ಡಮ್ಮ ಆ ಸೊಟ್ಟ ಹೆಗಲಿನಲ್ಲೇ ಮಗುವನ್ನು ನನ್ನಿಂದ ತೆಗೆದುಕೊಂಡು, ನನ್ನ ಗಂಡನನ್ನು ಕೂರಿಸಿ, ಅವರ ತೊಡೆಯ ಮೇಲೆ ಹಾಕಿದರು. ಆಮೇಲೆ ನಮ್ಮ ಮಾವನಿಗೆ ಹೇಳಿದರು: "ನೀನೂ ನಿನ್ ಮಕ್ಕಳ ಎತ್ಲಿಲ್ಲ. ನಾನ್ ಕಟ್ಕಂಡೆ, ನಿಂಗೆ ಎತ್ತೋ ಕೆಲ್ಸಾನೇ ಬರ್ಲಿಲ್ಲ. ಈಗ ಇವನು ಎತ್ತಲಿ, ಸುಮ್ಕಿರು."

ಮಾವ ಬೈಯಲಿಲ್ಲ, ಬರೀ ಕೆಮ್ಮಿದರು. ಅಷ್ಟೇ ಸಾಕಾಯಿತು. ನನ್ನ ಗಂಡ ಎದ್ದು, ನನ್ನ ಮುಖ ನೋಡದೆ, "ತಗೋ, ಹಸ್ದದೆ ಅನ್ಸ್ತದೆ, ಹಾಲ್ ಕೊಡು" ಎಂದು ಮಗಳನ್ನು ನನ್ನ ಕೈಗೆ ಹಾಕಿ ಹೊರಗೆ ಹೋದರು. ಆವತ್ತು ಅವರ ಮೇಲೆ ನನಗಿದ್ದ ಏನೋ ಒಂದು ಸತ್ತುಹೋಯಿತು. ಅದಕ್ಕೆ ಹೆಸರಿಡಲು ಇಂದಿಗೂ ಮನಸ್ಸಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ತಮ್ಮ ಹಳೆಯ ಹತ್ತಿ ಸೀರೆಯೊಂದನ್ನು ಉದ್ದಕ್ಕೆ ಹರಿದು ತಂದು, "ಬಗ್ಗು" ಎಂದರು. ಮಗಳನ್ನು ನನ್ನ ಬೆನ್ನಿಗೆ ಇಟ್ಟು, ಬಟ್ಟೆಯನ್ನು ಅವಳ ಕುಂಡೆಯಡಿಗೆ ಎಳೆದು, ಕಂಕುಳಿನಿಂದ ತಂದು, ಎಡ ಹೆಗಲ ಮೇಲೆ ಗಂಟು ಹಾಕಿದರು. ಕೈಗೆ ಒಂದಿಷ್ಟೂ ತಡವಾಗಲಿಲ್ಲ. ಮರೆತವರ ಕೈ ಅದಲ್ಲ.

"ಮರ್ತೋಗದೆ ಅಂದ್ರಿ?"

"ಸುಳ್ಳೇಳ್ದೆ. ಆ ಚೀಲಗಳೂ ಅಂತಾ ಕೆಟ್ಟವೇನಲ್ಲ ಕಣವ್ವ. ಯಾವ್ದೂ ಸರೀಗಿಲ್ಲ ಅಂತ ಅಂದ್ಕಂಡೇ ಇದ್ರೆ, ಒಂದಿನ ಬೇರೆ ದಾರಿ ಇಲ್ದೆ ಯಾವನಾದ್ರೂ ಕೈ ನೀಡ್ತಾನೆ ಅನ್ಕಂಡಿದ್ದೆ. ನೀಡ್ಲಿಲ್ಲ. ನಾನ್ ಅಟ ಮಾಡೋಕೋಗಿ ಮಗಿನ್ ಕಾಲು ಸುಡ್ತು." ಗಂಟನ್ನು ಮತ್ತೊಮ್ಮೆ ಎಳೆದು ಬಿಗಿ ನೋಡಿದರು. "ಇದ ಕಲ್ತ್ಮೇಲೆ ಇನ್ ಯಾರೂ ಬರಕಿಲ್ಲ. ನಂಗೊತ್ತು."

ಅವರು ಹೇಳಿದಂತೆಯೇ ಆಯಿತು. ಗಂಟು ಚೆನ್ನಾಗಿ ನಿಂತಿತು. ಕೊಟ್ಟಿಗೆ ಬಾಚಿದೆ, ಹಾಲು ಕರೆದೆ, ಮುದ್ದೆ ತೊಳಸಿದೆ. "ನೋಡು, ಎಷ್ಟ್ ಸಲೀಸಾಯ್ತು" ಎಂದು ಮಾವ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೊಗಳಿದರು. ಜಗಲಿಯಿಂದ ಯಾರೂ ಏಳಬೇಕಾಗಲಿಲ್ಲ.

ಎರಡು ವರ್ಷದ ಮೇಲೆ ದೊಡ್ಡಮ್ಮ ಹಾಸನದ ಆಸ್ಪತ್ರೆಯಲ್ಲಿ ಮಲಗಿದರು. ಕೊನೆಯ ಸಲ ನೋಡಲು ಹೋದಾಗ ನನ್ನ ಎಡ ಹೆಗಲನ್ನು ಬೆರಳಿನಿಂದ ಒತ್ತಿ ನೋಡಿದರು. ನೋವಿಗೆ ನಾನು ಮುಖ ಕಿವುಚಿದೆ. ಅವರು ಗೋಡೆಯ ಕಡೆ ತಿರುಗಿಕೊಂಡರು. ತೀರಿಕೊಂಡ ದಿನ ಅವರನ್ನು ಎತ್ತಲು ಮನೆಯ ಗಂಡಸರು ನಾ ಮುಂದು ತಾ ಮುಂದು ಎಂದು ಬಂದರು. ಹೆಗಲು ಕೊಡುವುದು ಪುಣ್ಯವಂತೆ.

ಹೋದ ತಿಂಗಳು ಮೈದುನನ ಹೆಂಡತಿ ಅರಕಲಗೂಡಿನ ತವರಿನಿಂದ ಕೂಸಿನೊಡನೆ ಬಂದಳು. ಮೂರನೇ ದಿನ ಅತ್ತೆ ಕೊಟ್ಟಿಗೆಗೆ ಬಂದು, "ಅದೇನೋ ಸೀರೆ ಕಟ್ತಿದ್ಯಲ್ಲ, ಅವ್ಳಿಗೂ ಒಸಿ ಕಲ್ಸು" ಎಂದರು.

"ಮರ್ತೋಗದೆ ಅತ್ತೆ" ಎಂದೆ.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿ ಹೋದರು. ಅಷ್ಟರಲ್ಲಿ ಒಳಗೆ ಮಗು ಎದ್ದು ಅಳತೊಡಗಿತು. ನನ್ನ ಜೊತೆ ಕೊಟ್ಟಿಗೆ ಬಾಚುತ್ತಿದ್ದ ಆ ಹುಡುಗಿ ಸಗಣಿ ಕೈಯಲ್ಲೇ ಓಡಲು ಹೊರಟಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಜಗಲಿಯಲ್ಲಿ ಮೂವರು ಗಂಡಸರು ಕಾಫಿ ಕುಡಿಯುತ್ತಿದ್ದರು. ಅಳು ಜೋರಾಯಿತು. "ಬಿಡಿ ಅಕ್ಕ" ಎಂದು ಅವಳೂ ಅಳತೊಡಗಿದಳು. ನಾನು ಬಿಡಲಿಲ್ಲ.